ಹಗ್ಗ ಬಿಟ್ಟು ಸ್ಕೂಟರ್ ಹಿಡಿದ ಮೇಲೆ

ಆಗುವುದೇ ಇಲ್ಲ ಎಂದವನು ಕೊಟ್ರಪ್ಪ. ಹೊಸಪೇಟೆಯ ನಮ್ಮ ಮುಳುಗುಗಾರರ ತಂಡದಲ್ಲಿ ಎಲ್ಲರಿಗಿಂತ ಹಿರಿಯ, ನನಗೆ ನೀರಿನ ಕೆಲಸ ಕಲಿಸಿದವನು. ನೀರೊಳಗೆ ಓಡುವ ಸ್ಕೂಟರ್ ಎರಡು ಬರುತ್ತವೆ, ಇನ್ನು ಸೊಂಟಕ್ಕೆ ಹಗ್ಗ ಕಟ್ಟುವ ಕೆಲಸವಿಲ್ಲ ಎಂದು ಮ್ಯಾನೇಜರ್ ಹೇಳಿದ ದಿನ ಅವನು ಬೀಡಿಯನ್ನು ಚಪ್ಪಲಿಯಡಿ ಹೊಸಕಿ, "ಹಗ್ಗ ಇಲ್ದ ಮನಷ್ಯಾನ್ನ ಈ ಹೊಳಿಯಾಗ ಬಿಡೋದು ಆಗಂಗಿಲ್ರಿ. ನಾನಿರೋತನ ಆಗಂಗಿಲ್ಲ" ಎಂದ.

ಆಯಿತು. ಅವನಿರುವಾಗಲೇ ಆಯಿತು. ಆದರೆ ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ಅದನ್ನು ಹೇಳಲೆಂದೇ ನಿವೃತ್ತನಾದ ಮೇಲೆ ಪೆನ್ನು ಹಿಡಿದಿದ್ದೇನೆ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮೊಬೈಲಿನಲ್ಲಿ ವಿಡಿಯೊ ನೋಡಿ ಬರುತ್ತಾರೆ. ನೀಲಿ ಸಮುದ್ರ, ಬಣ್ಣದ ಮೀನು, ಸ್ಕೂಟರ್ ಹಿಡಿದು ಹಕ್ಕಿಯಂತೆ ಹೋಗುವ ಮನುಷ್ಯ. ನಮ್ಮ ಕಡೆಯ ನೀರಿನಲ್ಲಿ ಕೈ ಚಾಚಿದರೆ ಸ್ವಂತ ಬೆರಳು ಕಾಣುವುದಿಲ್ಲ.

ನಾನು ಬುಕ್ಕಸಾಗರದವನು. ಅಪ್ಪ ಅವ್ವ ಇಬ್ಬರೂ ಬೇರೆಯವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿದವರು. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಪಾಸಾದವನು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎಷ್ಟೋ ದಿನ ಕಾಲುವೆ ದಂಡೆಯ ಮೇಲೆ ನಡೆದು ಕಾಲೇಜಿಗೆ ಹೋಗಿದ್ದೇನೆ, ಅದೇ ಕಾಲುವೆಯಲ್ಲಿ ಈಜಿದ್ದೇನೆ. ಮಾಸ್ತರನಾಗಲಿ ಎಂದು ಮನೆಯವರು ಕಾಯುತ್ತಿದ್ದಾಗ, ಸೇತುವೆ, ತೂಬು, ಪಂಪುಗಳ ನೀರೊಳಗಿನ ಭಾಗ ಪರೀಕ್ಷೆ ಮಾಡುವ ಒಂದು ಖಾಸಗಿ ಕಂಪನಿಗೆ ಸೇರಿದೆ. ಓಣಿಯಲ್ಲಿ, "ಅಷ್ಟು ಓದಿ ಕಡೀಗೆ ನೀರಿಗೆ ಬಿದ್ದ ನೋಡ್ರಿ" ಎಂದು ನಗಾಡಿದರು. ಕೊಟ್ರಪ್ಪ ನನ್ನ ಹೆಸರು ದುರ್ಗಪ್ಪ ಎಂಬುದನ್ನೇ ಮರೆತು ಮೊದಲ ದಿನದಿಂದ 'ಡಿಗ್ರಿ' ಎಂದು ಕರೆದ. ಕೊನೆಯ ದಿನವೂ ಹಾಗೇ ಕರೆದ.

ಹಗ್ಗದ ಕಾಲ ಹೇಗಿತ್ತು ಎಂಬುದನ್ನು ಮೊದಲು ಹೇಳಬೇಕು. ಒಬ್ಬ ಮುಳುಗುತ್ತಾನೆ, ಅವನ ಸೊಂಟದ ಹಗ್ಗದ ಇನ್ನೊಂದು ತುದಿ ದಂಡೆಯಲ್ಲಿರುವವನ ಕೈಯಲ್ಲಿ. ಒಂದು ಸಲ ಜಗ್ಗಿದರೆ ಕ್ಷೇಮ. ಎರಡು ಸಲ ಜಗ್ಗಿದರೆ ಸಡಿಲ ಬಿಡು. ಬಿಡದೆ ಜಗ್ಗಿದರೆ ಮೇಲಕ್ಕೆಳೆ. ಕೆಳಗಿರುವವನು ಎತ್ತ ತಿರುಗಿದ, ಎಲ್ಲಿ ನಿಂತ, ಹೆದರಿದನೋ ಇಲ್ಲವೋ, ಎಲ್ಲವೂ ಅಂಗೈಗೆ ಗೊತ್ತಾಗುತ್ತಿತ್ತು.

ಕಂಪ್ಲಿಯಲ್ಲಿ ಹೊಳೆಯ ಸೇತುವೆಯ ಕಂಬದ ಬುಡ ನೋಡಲು ಒಮ್ಮೆ ಕೊಟ್ರಪ್ಪ ಇಳಿದಿದ್ದ. ಹಗ್ಗ ನನ್ನ ಕೈಯಲ್ಲಿತ್ತು. ಮಳೆ ನಿಂತು ಹೆಚ್ಚು ದಿನವಾಗಿರಲಿಲ್ಲ, ನೀರಿಗೆ ಸೆಳೆತವಿತ್ತು. ಇದ್ದಕ್ಕಿದ್ದಂತೆ ಹಗ್ಗ ಸತ್ತ ಹಾವಿನ ಹಾಗಾಯಿತು. ಜಗ್ಗಿದೆ, ಉತ್ತರವಿಲ್ಲ. ಮತ್ತೆ ಜಗ್ಗಿದೆ, ಯಾವುದೋ ಗಟ್ಟಿ ವಸ್ತು ಹಿಡಿದುಕೊಂಡಂತಿತ್ತು. ಇನ್ನೊಬ್ಬನನ್ನು ಇಳಿಸಬೇಕು ಎನ್ನುವಷ್ಟರಲ್ಲಿ ಅವನೇ ಸೊಂಟದ ಹಗ್ಗ ಬಿಚ್ಚಿ, ಕಂಬ ತಬ್ಬಿಕೊಂಡು ಮೇಲೆ ಬಂದ. ಕಂಬದಿಂದ ಹೊರಚಾಚಿದ್ದ ಕಬ್ಬಿಣದ ಸರಳಿಗೆ ಹಗ್ಗ ಸುತ್ತಿಕೊಂಡಿತ್ತು. ಅವನು ಅತ್ತ ಜಗ್ಗುತ್ತಿದ್ದ, ನಾನು ಇತ್ತ. ನಡುವೆ ಸರಳು ಎರಡನ್ನೂ ನುಂಗುತ್ತಿತ್ತು.

"ಡಿಗ್ರಿ, ನೀ ಹಗ್ಗ ಹಿಡದಿದ್ದೇನಲೇ, ಎಮ್ಮಿ ಕಟ್ಟಿದ್ದೋ?" ಎಂದು ಬೈದ. ಬೈಯುವಷ್ಟು ಉಸಿರು ಉಳಿದಿದೆಯಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಹಗ್ಗವೂ ಮೋಸ ಮಾಡುತ್ತದೆ ಎಂದು ಅಂದು ತಿಳಿಯಿತು. ಆದರೂ ಹಗ್ಗವಿದ್ದಷ್ಟು ದಿನ ಕೈಯಲ್ಲಿ ಏನೋ ಒಂದು ಇರುತ್ತಿತ್ತು.

ಸ್ಕೂಟರ್ ಎಂದರೆ ಚಕ್ರದ ಗಾಡಿಯಲ್ಲ. ಹಾಲಿನ ಕ್ಯಾನನ್ನು ಅಡ್ಡ ಮಲಗಿಸಿದಷ್ಟು ದಪ್ಪನೆಯ ಕೊಳವೆ. ಒಳಗೆ ಬ್ಯಾಟರಿ, ಹಿಂದೆ ಫ್ಯಾನು, ಹಿಡಿಯಲು ಹಿಡಿಕೆ, ಬೆರಳಿಗೆ ಬಂದೂಕಿನದರಂಥ ಕುದುರೆ. ಒತ್ತಿದರೆ ಎಳೆದುಕೊಂಡು ಹೋಗುತ್ತದೆ. ಹಗ್ಗ ಕಟ್ಟಿಕೊಂಡು ಇದನ್ನು ಹಿಡಿಯುವಂತಿಲ್ಲ, ಹಗ್ಗ ಫ್ಯಾನಿಗೆ ಸಿಕ್ಕಿದರೆ ಮುಗಿಯಿತು. ನೀರ ಮೇಲೆ ತೇಲುವ ಬುರುಡೆಯೊಂದನ್ನು ದಾರದಲ್ಲಿ ಎಳೆದುಕೊಂಡು ಹೋಗಿ ನೋಡಿದೆವು. ಅದರ ಎಳೆತಕ್ಕೇ ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು.

ಪೆಟ್ಟಿಗೆ ಒಡೆದ ದಿನ ನಗೆಪಾಟಲು. ನೀರಿಗಿಟ್ಟ ಕೂಡಲೇ ಸ್ಕೂಟರ್ ಮೂತಿ ಕೆಳಗೆ ಮಾಡಿ ತಳಕ್ಕೆ ಹೋಯಿತು.

"ಓಡ್ತೈತಿ ಅಂದ್ರಿ, ಮಲಗಾಕ ಹೊಂಟೈತಲ್ರೀ!" ಎಂದ ಕೊಟ್ರಪ್ಪ.

ಅದನ್ನು ಸಮುದ್ರದ ನೀರಿಗೆ ತೂಗಿ ಕಳಿಸಿದ್ದರು. ಉಪ್ಪುನೀರು ಎತ್ತಿ ಹಿಡಿಯುವಷ್ಟು ನಮ್ಮ ಸಿಹಿನೀರು ಹಿಡಿಯುವುದಿಲ್ಲ. ಒಳಗಿನ ಸೀಸದ ತುಂಡುಗಳನ್ನು ಒಂದೊಂದೇ ತೆಗೆದು, ನೀರಿನ ನಡುವೆ ಬಿಟ್ಟರೆ ಏಳದೆ ಮುಳುಗದೆ ನಿಲ್ಲುವ ಹದಕ್ಕೆ ತಂದೆವು. ಹದ ತಪ್ಪಿದ ಸ್ಕೂಟರನ್ನು ಮೊಣಕೈಯಿಂದ ಎತ್ತಿ ಹಿಡಿಯುತ್ತ ಓಡಿಸಬೇಕು, ಸ್ವಲ್ಪ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ. ಎಳೆಯುವ ಭಾರ ತೋಳಿನ ಮೇಲಲ್ಲ, ತೊಡೆಸಂದಿನ ಪಟ್ಟಿಗೆ ಸಿಕ್ಕಿಸಿದ ದಾರದ ಮೇಲೆ ಬೀಳಬೇಕು. ಕೈ ಬರೀ ದಿಕ್ಕು ತಿರುಗಿಸಲು. ಫ್ಯಾನಿನ ನೀರು ಎದೆಗೆ ಬಡಿಯುತ್ತಿದ್ದರೆ ನೀವು ತಪ್ಪಾಗಿ ಮಲಗಿದ್ದೀರಿ ಎಂದರ್ಥ.

ವೇಗ ಎಂದು ಬಾಯಿ ಬಿಡಬೇಡಿ. ರಸ್ತೆಯಲ್ಲಿ ಚುರುಕಾಗಿ ನಡೆಯುವವನು ಇದನ್ನು ಹಿಂದೆ ಹಾಕಬಲ್ಲ. ಕಾಣದ ನೀರಿನಲ್ಲಿ ಅಷ್ಟೇ ಹೆಚ್ಚು. ನನ್ನ ಬಿ.ಎಸ್ಸಿ. ಉಪಯೋಗಕ್ಕೆ ಬಂದದ್ದು ಇಲ್ಲಿ. ವೇಗ ಎರಡರಷ್ಟು ಮಾಡಿದರೆ ನೀರಿನ ತಡೆ ಸುಮಾರು ನಾಲ್ಕರಷ್ಟಾಗುತ್ತದೆ, ಬ್ಯಾಟರಿಯಿಂದ ಹೀರುವ ಶಕ್ತಿ ಎಂಟರಷ್ಟು. ನಿಧಾನಕ್ಕೆ ಹೋದರೆ ಮಧ್ಯಾಹ್ನದವರೆಗೆ ಬಾಳುವ ಬ್ಯಾಟರಿ, ಕುದುರೆ ಒತ್ತಿ ಹಿಡಿದರೆ ಚಹಾ ಆರುವ ಮೊದಲೇ ಕೈಕೊಡುತ್ತದೆ ಎಂದು ಹುಡುಗರಿಗೆ ಹೇಳುತ್ತಿದ್ದೆ. ಸ್ವಲ್ಪ ಉತ್ಪ್ರೇಕ್ಷೆ, ಆದರೆ ನೆನಪಿರಲಿ ಎಂದು. ಹಂಪಿಯ ಬಂಡೆಗಳ ನಡುವೆ ಹೊಳೆ ನುಗ್ಗುವ ಕಡೆ ಇದನ್ನು ಒಯ್ಯಲೇಬೇಡಿ. ಅಲ್ಲಿ ಸ್ಕೂಟರ್ ನಿಂತಲ್ಲೇ ನಿಂತು ಬ್ಯಾಟರಿ ತಿನ್ನುತ್ತದೆ, ಮುಂದೆ ಹೋಗುವುದಿಲ್ಲ.

ಬ್ಯಾಟರಿಯ ದೀಪವನ್ನೂ ನಂಬಬೇಡಿ. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಚಾರ್ಜಿಗಿಟ್ಟ ಬ್ಯಾಟರಿ ಒಳಗೊಳಗೇ ಮುದಿಯಾಗಿರುತ್ತದೆ. ದೀಪ ಹಸಿರು ತೋರಿಸುತ್ತಲೇ ಇದ್ದು ಒಮ್ಮೆಲೇ ಕೆಂಪಿಗೆ ಬರುತ್ತದೆ. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದ ಪಾಲು ಇಲ್ಲವೆಂದೇ ತಿಳಿಯಿರಿ. ಅದಕ್ಕಿಂತ ಮುಖ್ಯ, ಸ್ಕೂಟರ್ ಎಲ್ಲಿ ಸತ್ತರೂ ಅಲ್ಲಿಂದ ಕಾಲು ಬಡಿದು ಈಜಿ ಬರುವಷ್ಟು ಗಾಳಿ ಸಿಲಿಂಡರಿನಲ್ಲಿ ಇರಬೇಕು.

ಇದನ್ನು ಕಲಿಸಿದ್ದು ನಮ್ಮ ಮ್ಯಾನೇಜರ್ ಪ್ರಸಾದ್. ಆಂಧ್ರದ ಗಡಿ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಹೊಸ ವಸ್ತು ಕಂಡರೆ ತಡೆದುಕೊಳ್ಳಲಾರರು. ದರೋಜಿಯ ಕೆರೆಯಲ್ಲಿ ಅತಿಥಿಗಳೆದುರು ತಾವೇ ಸ್ಕೂಟರ್ ಹಿಡಿದು ಪೂರ್ತಿ ವೇಗದಲ್ಲಿ ಹೊರಟರು. ಫ್ಯಾನಿನ ಹೊಡೆತಕ್ಕೆ ತಳದ ಕೆಸರೆಲ್ಲ ಎದ್ದು ನೀರು ಅಂಬಲಿಯಂತಾಯಿತು. ದಿಕ್ಕು ತಪ್ಪಿ, ಬ್ಯಾಟರಿ ಮುಗಿದು, ಆಚೆ ದಂಡೆಯ ಜೊಂಡಿನ ನಡುವೆ ಅವರ ತಲೆ ಎದ್ದಿತು. ತೆಪ್ಪ ಹಾಕಿಕೊಂಡು ಹೋಗಿ ಕರೆತಂದೆವು.

"ಹೆಂಗಿತ್ರೀ ಸಾರ್?" ಎಂದು ಕೇಳಿದ ಕೊಟ್ರಪ್ಪ, ಮುಖ ಗಂಭೀರ ಮಾಡಿಕೊಂಡು.

"ಮಸ್ತಿತ್ತಯ್ಯಾ. ಹೋಗೋದು ಮಸ್ತಿತ್ತು" ಎಂದರು ಅವರು, ತಲೆಯಿಂದ ಜೊಂಡು ಕೀಳುತ್ತ.

ನಕ್ಕೆವು. ಆದರೆ ಅವರ ತಲೆ ಕಾಣುವವರೆಗೆ ದಂಡೆಯಲ್ಲಿದ್ದ ನಮ್ಮಲ್ಲಿ ಯಾರೂ ನಕ್ಕಿರಲಿಲ್ಲ. ನನ್ನ ಕೈ ತನಗೆ ತಾನೇ ಮುಷ್ಟಿ ಕಟ್ಟಿಕೊಂಡು ಇಲ್ಲದ ಹಗ್ಗವನ್ನು ಹಿಡಿದಿತ್ತು.

ಆ ಮುಷ್ಟಿ ಮುಂದೆ ಬಿಚ್ಚಲೇ ಇಲ್ಲ. ಕಿವಿಯ ತಮಟೆ ಹರಿದು ನಾನು ಮುಳುಗುವುದು ನಿಂತಿತ್ತು, ದಂಡೆಯಲ್ಲಿ ನಿಂತು ಬೇರೆಯವರನ್ನು ಇಳಿಸುವುದೇ ಕೆಲಸವಾಗಿತ್ತು. ಸ್ಕೂಟರಿನವರಿಗೆ ಕಂಪನಿಯಿಂದ ಒಂದು ಸರ್ಟಿಫಿಕೇಟು ಬೇಕೆಂದಾಯಿತು. ತರಬೇತಿ ಕೊಡುವವನೂ ನಾನು, ಸಹಿ ಹಾಕುವವನೂ ನಾನು. ನಾನು ಸಹಿ ಹಾಕಿದರೆ ಒಂದು ಜೀವ ಹಗ್ಗವಿಲ್ಲದೆ ಕತ್ತಲ ನೀರಿಗೆ ಇಳಿಯುತ್ತದೆ. ಮಾಸ್ತರನಾಗಿದ್ದರೆ ತಪ್ಪು ಸಹಿಗೆ ಯಾವುದೋ ಹುಡುಗನ ಒಂದು ವರ್ಷ ಹಾಳಾಗುತ್ತಿತ್ತು, ಅಷ್ಟೆ.

ನನ್ನ ನಿವೃತ್ತಿ ಹತ್ತಿರ ಬಂದಾಗ ಕೊನೆಯದಾಗಿ ಬಂದವಳು ಹುಲಿಗೆಮ್ಮ. ಕಂಪ್ಲಿಯ ಹುಡುಗಿ. ತಂದೆ ಇಲ್ಲ. ತಾಯಿ ಯಲ್ಲಮ್ಮ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡಿ ಮಗಳನ್ನು ಡಿಗ್ರಿ ಓದಿಸಿದ್ದಳು. ಆ ಮನೆಯಲ್ಲಿ ಅವಳೇ ಮೊದಲು. ಹೀಗಾಗಿ ಅವಳ ಮೇಲೆ ನನಗೆ ಮಮತೆಯಿತ್ತು, ಮಮತೆಯಿದ್ದುದರಿಂದ ಭಯ ಹೆಚ್ಚಿತ್ತು. ಬೇರೆಯವರಿಂದ ಎರಡು ಸಲ ಮಾಡಿಸಿದ್ದನ್ನು ಅವಳಿಂದ ನಾಲ್ಕು ಸಲ ಮಾಡಿಸುತ್ತಿದ್ದೆ.

"ಸರ, ನನ್ನ ಫೇಲ್ ಮಾಡಬೇಕಂತ ಮಾಡೀರೇನ್ರಿ?" ಎಂದು ಕೇಳಿಯೇಬಿಟ್ಟಳು.

"ಫೇಲಾದ್ರ ಮನೀಗೆ ಹೋಕ್ಕೀ. ಪಾಸಾದ್ರ ನೀರಿಗೆ ಹೋಕ್ಕೀ. ಯಾವುದಕ್ಕ ಹೆದರಬೇಕು ನೀನ ಹೇಳು" ಎಂದೆ.

ಆ ಹೊತ್ತಿಗೆ ಮುಳುಗುವುದು ಬಿಟ್ಟು ಶೆಡ್ಡು ನೋಡಿಕೊಳ್ಳುತ್ತಿದ್ದ ಕೊಟ್ರಪ್ಪ ಅವಳನ್ನು ಮೊಮ್ಮಗಳಂತೆ ನೋಡುತ್ತಿದ್ದ. ಸ್ಕೂಟರನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಅವಳ ಕೊನೆಯ ಪರೀಕ್ಷೆ ದಸರೆ ಮುಗಿದ ಕೂಡಲೇ ಸಂಡೂರಿನಲ್ಲಿ. ಅಲ್ಲಿ ಅದಿರು ತೆಗೆದು ಬಿಟ್ಟ ದೊಡ್ಡ ಗುಂಡಿಯೊಂದರಲ್ಲಿ ಮಳೆನೀರು ನಿಂತಿತ್ತು. ಪಂಪಿನ ಜಾಲರಿ ನೋಡಿ, ಆಚೆ ಗೋಡೆಯ ಗುರುತು ಮುಟ್ಟಿ ಬರಬೇಕು. ಗುಂಡಿಗೆ ಇಳಿಜಾರಿನ ಒಂದೇ ದಾರಿ, ಉಳಿದ ಕಡೆಯೆಲ್ಲ ಕಡಿದ ಕೆಂಪು ಗೋಡೆ. ತುರ್ತಿಗೆ ಇಳಿಯಲು ಮೆಹಬೂಬ್ ಎಂಬ ಮುಳುಗುಗಾರ ಸಿಲಿಂಡರ್ ಕಟ್ಟಿಕೊಂಡು ತೆಪ್ಪದಲ್ಲಿ ಕುಳಿತಿದ್ದ. ನಾನು, ಕೊಟ್ರಪ್ಪ, ಪ್ರಸಾದ್ ಸಾಹೇಬರು ಇಳಿಜಾರಿನ ತುದಿಯಲ್ಲಿ.

ಅವಳು ಹದ ನೋಡಿದಳು, ಸ್ಕೂಟರನ್ನು ಮುಳುಗಿಸಿ ಗುಳ್ಳೆ ಬರುತ್ತದೆಯೋ ಎಂದು ನೋಡಿದಳು. ಬರಲಿಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ ಸರಿ ಎಂಬ ಸನ್ನೆ ಮಾಡಿ ಇಳಿದಳು. ಅವಳ ಉಸಿರಿನ ಗುಳ್ಳೆ ಸ್ವಲ್ಪ ದೂರ ಕಂಡಿತು. ಆಮೇಲೆ ಗಾಳಿ ಎದ್ದು ನೀರು ಸುಕ್ಕಾಯಿತು, ಗುಳ್ಳೆ ಯಾವುದು ಅಲೆ ಯಾವುದು ತಿಳಿಯದಾಯಿತು.

ಹೋಗಿ ಬರುವ ಹೊತ್ತು ನನಗೆ ಬಾಯಿಪಾಠ. ಆ ಹೊತ್ತು ಬಂತು. ದಾಟಿತು. ಪ್ರಸಾದ್ ಸಾಹೇಬರು ಗಡಿಯಾರ ನೋಡಿ ನನ್ನ ಮುಖ ನೋಡಿದರು. ನಾನು ನೋಡದವನಂತೆ ನಿಂತೆ. ಆಗ ಆಚೆ ಗೋಡೆಯ ಹತ್ತಿರ ಕೇಸರಿ ಬಣ್ಣದ ಗುರುತಿನ ಬಲೂನು ಬುಳಕ್ಕನೆ ಎದ್ದಿತು.

ತೊಂದರೆಯಾದರೆ ಬಿಡುವ ಬಲೂನು ಅದು. ಅದರ ಬುಡದಲ್ಲಿ ಗುಳ್ಳೆ ಕಾಣಲಿಲ್ಲ.

"ಡಿಗ್ರಿ, ಬಲೂನಿನ ಕೆಳಗ ಉಸರಿಲ್ಲಲೋ" ಎಂದ ಕೊಟ್ರಪ್ಪ. ದನಿ ಅವನದಾಗಿರಲಿಲ್ಲ.

ಮೆಹಬೂಬ್ ಹುಟ್ಟು ಹಾಕುತ್ತ ಹೋದ. ತೆಪ್ಪ ಗಾಳಿಗೆ ಗಿರ್ರನೆ ತಿರುಗುತ್ತಿತ್ತು, ಎಷ್ಟು ಹುಟ್ಟು ಹಾಕಿದರೂ ಅಲ್ಲೇ ಇದ್ದಂತಿತ್ತು. ಅವಳ ಸಿಲಿಂಡರಿನಲ್ಲಿ ಇನ್ನೆಷ್ಟು ಗಾಳಿ ಎಂದು ಲೆಕ್ಕ ಹಾಕಲು ಹೋದೆ, ಕೂಡುವುದೂ ಬರಲಿಲ್ಲ, ಕಳೆಯುವುದೂ ಬರಲಿಲ್ಲ. ಯಲ್ಲಮ್ಮನಿಗೆ ಯಾವ ಬಾಯಿಂದ ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು. ಕೊಟ್ರಪ್ಪ ಅಂಗಿ ಬಿಚ್ಚತೊಡಗಿದ. ಆ ವಯಸ್ಸಿನಲ್ಲಿ ಅವನು ಹಾರಿದರೆ ಎರಡು ಹೆಣ ಎಂದು ಅವನ ರಟ್ಟೆ ಹಿಡಿದುಕೊಂಡೆ. ಅವನು ಕೊಸರಾಡಿದ.

"ಯಾರನ್ನ ಹಿಡಕೊಂಡೀರಿ ಸರ?"

ದನಿ ನಮ್ಮ ಬಲಗಡೆಯಿಂದ ಬಂತು. ಇಳಿಜಾರಿನ ಮಗ್ಗುಲಲ್ಲಿ, ಗೋಡೆ ಮುಗಿಯುವ ಕಡೆ, ಹುಲಿಗೆಮ್ಮ ಮೊಣಕಾಲ ನೀರಿನಲ್ಲಿ ಕುಳಿತಿದ್ದಳು. ಮುಖವಾಡ ಕುತ್ತಿಗೆಗೆ ಇಳಿದಿತ್ತು. ತುಟಿ ಬಿಳಿಚಿತ್ತು. ಸ್ಕೂಟರ್ ಇರಲಿಲ್ಲ.

ಕೊಟ್ರಪ್ಪ ಓಡಿ ಹೋಗಿ ಅವಳ ಬೆನ್ನಿಗೆ ಒಂದು ಗುದ್ದಿ, "ಎಲ್ಲಿ ಸತ್ತಿದ್ದೆಲೇ ಹುಲಿಗೀ" ಎಂದು ಅಲ್ಲೇ ನೀರಿನಲ್ಲಿ ಕುಳಿತುಬಿಟ್ಟ.

ಗುರುತು ಮುಟ್ಟಿ ತಿರುಗಿದ ಮೇಲೆ ಸ್ಕೂಟರ್ ಭಾರವಾಗತೊಡಗಿತಂತೆ. ಮೂತಿ ಕೆಳಗೆ ಜಗ್ಗಿತು, ಫ್ಯಾನು ಮಿಡುಕಿ ನಿಂತಿತು. ಅವಳು ಅದರ ದಾರವನ್ನು ಪಟ್ಟಿಯಿಂದ ಕಳಚಿ, ಅದಕ್ಕೇ ಬಲೂನು ಕಟ್ಟಿ ಬಿಟ್ಟು, ಗೋಡೆಗೆ ಒಂದು ಕೈ ಆನಿಸಿಕೊಂಡು ಸುತ್ತು ಹಾಕಿ ಈಜಿ ಬಂದಿದ್ದಳು.

"ನಟ್ಟನಡುವ ಸೀದಾ ಬಂದಿದ್ರ ಜಲ್ದಿ ಬರತಿದ್ದಿ" ಎಂದೆ.

"ಮ್ಯಾಲ ಅಲಿ ಬಡೀತಿತ್ತು, ಕೆಳಗ ನಡುವ ಏನೂ ಕಾಣ್ತಿರಲಿಲ್ಲ ಸರ. ದಾರಿ ತಪ್ಪಿದ್ರ ಗಾಳಿ ಸಾಲತಿರಲಿಲ್ಲ. ಗ್ವಾಡಿ ಹಿಡದ್ರ ದೂರ ಆದ್ರೂ ನಿಮ್ಮ ಹತ್ರಾನ ಬರ್ತೈತಿ ಅಂತ ಗೊತ್ತಿತ್ತು."

ಮೆಹಬೂಬ್ ಸ್ಕೂಟರನ್ನು ತೆಪ್ಪದ ಹಿಂದೆ ನೀರಲ್ಲೇ ಎಳೆದು ತಂದ. ಅದು ಒಳಗೆ ಸುಯ್ ಎನ್ನುತ್ತಿತ್ತು, ಮುಟ್ಟಿದರೆ ಬೆಚ್ಚಗಿತ್ತು. ನೀರು ನುಗ್ಗಿದ ಲಿಥಿಯಂ ಬ್ಯಾಟರಿ ಬೆಂಕಿ ಕಾರಬಹುದು, ಮುಚ್ಚಳ ಸಿಡಿಯಬಹುದು. ತರಾತುರಿಯಲ್ಲಿ ಬಿಚ್ಚಲೇಬೇಡಿ. ಎಲ್ಲರನ್ನೂ ಹಿಂದೆ ಸರಿಸಿ, ದೂರದ ಬಯಲಲ್ಲಿ ಮರಳಿನ ಮೇಲೆ ಇಟ್ಟು, ಮರುದಿನದವರೆಗೆ ಹತ್ತಿರ ಯಾರನ್ನೂ ಬಿಡಲಿಲ್ಲ.

ಬಿಚ್ಚಿದಾಗ ನೀರು ಎಲ್ಲಿಂದ ನುಗ್ಗಿತೆಂದು ಕಂಡಿತು. ಮುಚ್ಚಳದ ರಬ್ಬರ್ ರಿಂಗಿನ ಮೇಲೆ ಅಡ್ಡಲಾಗಿ ಒಂದು ಚೆಂಡುಹೂವಿನ ಎಸಳು ಅಪ್ಪಚ್ಚಿಯಾಗಿತ್ತು. ಗ್ರೀಸಿನಲ್ಲಿ ಬೂದಿ ಬೆರೆತಿತ್ತು. ಬ್ಯಾಟರಿಯ ಮೇಲೆ ನೀರಿಗೆ ಅರ್ಧ ಕರಗಿದ ಮೂರು ಗೆರೆ ವಿಭೂತಿ, ನಡುವೆ ಕುಂಕುಮ.

ಕೊಟ್ರಪ್ಪನ ಮುಖದಲ್ಲಿ ರಕ್ತವಿರಲಿಲ್ಲ. "ನಾನ ರೀ ಮಾಡಿದ್ದು" ಎಂದ. "ಕಾರಿಗೆ ಬಾನೆಟ್ ತಗದು ಇಂಜಿನ್ನಿಗೆ ವಿಭೂತಿ ಹಚ್ಚತೀವಲ್ರಿ. ಇದರ ಜೀವ ಒಳಗ ಐತಂತ, ಒಳಗ ಹಚ್ಚಿದೆ. ಹುಡುಗಿ ಇದನ್ನ ಹಿಡಕೊಂಡು ಹೋಗಾಕಿ, ಬರೇ ಮ್ಯಾಲಿನ ಪೂಜಿ ಸಾಲಂಗಿಲ್ಲ ಅನಿಸ್ತು."

ಆಯುಧಪೂಜೆಯ ದಿನ ನಾನು ಬುಕ್ಕಸಾಗರದಲ್ಲಿದ್ದೆ, ಹುಲಿಗೆಮ್ಮ ಕಂಪ್ಲಿಯಲ್ಲಿ. ರಜೆಗೆ ಹೋಗುವ ಮೊದಲು ಅವಳು ರಿಂಗ್ ಒರೆಸಿ, ಗ್ರೀಸ್ ಹಚ್ಚಿ ಮುಚ್ಚಿಟ್ಟಿದ್ದಳು. ಅದನ್ನು ಮುಟ್ಟದ ಮನುಷ್ಯ ಆ ಒಂದು ದಿನ ಅಕ್ಕರೆಯಿಂದ ಮುಟ್ಟಿ, ಬಿಚ್ಚಿ, ಹೂವಿಟ್ಟು ಮತ್ತೆ ಮುಚ್ಚಿದ್ದ. ದಂಡೆಯ ನೀರಿನಲ್ಲಿ ಎಸಳು ರಿಂಗಿನ ಸಂದಿಯನ್ನು ತಡೆದಿತ್ತು. ಆಳದ ಒತ್ತಡಕ್ಕೆ ಮೆತ್ತಗಾಗಿ ದಾರಿ ಬಿಟ್ಟಿತು. ನಮ್ಮ ಕಡೆ ಆಯುಧಪೂಜೆ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಮುಚ್ಚಳದ ಹೊರಗೆ ಮಾಡಿ. ಮುಳುಗುವ ದಿನ ರಿಂಗನ್ನು ನೀವೇ ಒರೆಸಿ, ನೀವೇ ಮುಚ್ಚಿ. ಮುಚ್ಚಿದವರೇ ಮುಳುಗಬೇಕು. ಆಮೇಲೆ ನಮ್ಮಲ್ಲಿ ಅದೇ ನಿಯಮವಾಯಿತು.

ಕೊಟ್ರಪ್ಪನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಪ್ರಸಾದ್ ಸಾಹೇಬರ ಸಿಟ್ಟು ಹುಡುಗಿಯ ಕಡೆ ತಿರುಗಿತು.

"ದುರ್ಗಪ್ಪಾ, ಇಳಿಯೋಕೆ ಮುಂಚೆ ಬಿಚ್ಚಿ ನೋಡಬೇಕಿತ್ತಲ್ಲ. ಮೇಲಾಗಿ ಮಷೀನು ಬಿಟ್ಟು ಬಂದಿದಾಳೆ. ಸರ್ಟಿಫಿಕೇಟು ಹೆಂಗೆ ಕೊಡ್ತೀಯ?"

"ಬಿಚ್ಚಿ ನೋಡು ಅಂತ ನಾವು ಕಲಿಸಿದ್ದಿಲ್ರಿ, ಮುಚ್ಚಿದ ಮ್ಯಾಲೆ ಬಿಚ್ಚಬ್ಯಾಡ ಅಂತ ಕಲಿಸಿದ್ವಿ. ಮತ್ತ ಮಷೀನು ಬಿಟ್ಟು ಬಂದಾಳಂತನ ಕೊಡ್ತೀನಿ. ಹಿಡಕೊಂಡಿದ್ರ ಅದರ ಜೋಡಿ ತಳಕ್ಕ ಹೋಗತಿದ್ಲು."

"ನೀನು ರಿಟೈರಾಗಿ ಹೋಗ್ತೀಯ. ನಾಳೆ ಏನಾದ್ರೂ ಆದ್ರೆ?"

ನಾಳೆ ಆಗಬಹುದಾದುದನ್ನು ಎಣಿಸುತ್ತ ಹೋದೆ. ಮುಚ್ಚಳ, ಬ್ಯಾಟರಿ, ಗಾಳಿ, ಕೆಸರು, ಯಾರದೋ ಭಕ್ತಿ, ಯಾರದೋ ಅವಸರ. ಅವಳು ಎಷ್ಟು ಜಾಣಳಾದರೂ ಅವಳ ಕೈಯಲ್ಲಿರುವುದು ಇದರಲ್ಲಿ ಸ್ವಲ್ಪವೇ. ನಾಲ್ಕಾರು ದಿನ ಆ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡೆ. ಸಹಿ ಹಾಕದಿದ್ದರೆ ಅವಳು ಬದುಕಿರುತ್ತಾಳೆ ಎಂದು ಒಂದು ಮನಸ್ಸು. ಬಡವರ ಮನೆಯ ಮೊದಲ ಡಿಗ್ರಿಯವಳನ್ನು ಹೆದರಿ ಮನೆಗೆ ಕಳಿಸಿದ ಎನಿಸಿಕೊಳ್ಳಲೇ ಎಂದು ಇನ್ನೊಂದು. ಕೊನೆಗೆ ಗೋಡೆ ಹಿಡಿದು ಬಂದ ಆ ಕೈ ನೆನಪಾಯಿತು. ಭಯವಾದಾಗ ಸರಿಯಾದದ್ದನ್ನು ಮಾಡಿದ ಕೈ. ಅದಕ್ಕಿಂತ ಹೆಚ್ಚಿನದನ್ನು ನಾನು ಯಾರಿಗೂ ಕಲಿಸಲಾರೆ. ಸಹಿ ಹಾಕಿದೆ.

ಕಂಪನಿಯ ಯಾರ್ಡಿನಲ್ಲಿ, ಬೇವಿನ ಮರದ ಕೆಳಗೆ ನಾಲ್ಕು ಕುರ್ಚಿ ಹಾಕಿ ಸರ್ಟಿಫಿಕೇಟು ಕೊಟ್ಟೆವು. ಯಲ್ಲಮ್ಮ ಕಂಪ್ಲಿಯಿಂದ ಬಸ್ಸಿಗೆ ಬಂದಿದ್ದಳು. ಸಂಡೂರಿನಲ್ಲಿ ನಡೆದದ್ದನ್ನು ಮಗಳು ಒಂದೂ ಮುಚ್ಚಿಡದೆ ಹೇಳಿದ್ದಳಂತೆ. ಕುಂದ್ರಿ ಎಂದರೂ ಕೂರಲಿಲ್ಲ. ಹುಲಿಗೆಮ್ಮ ನನ್ನ ಕೈಯಿಂದ ಕಾಗದ ತೆಗೆದುಕೊಂಡು ನೇರ ತಾಯಿಯ ಕೈಗೆ ಇಟ್ಟಳು. ಯಲ್ಲಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದಳು, ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಕೆಗೆ ಓದು ಬರುವುದಿಲ್ಲ.

"ಇದರಾಗ ಏನು ಬರದೀರಿ ಸರ?"

"ನಿಮ್ಮ ಮಗಳು ಒಬ್ಬಾಕಿನ ನೀರಿಗೆ ಹೋಗಬಹುದು ಅಂತ ಬರದೈತೆವ್ವಾ."

ಆಕೆ ಆ ಕಾಗದವನ್ನು ಮತ್ತೆ ನನ್ನ ಕಡೆ ಚಾಚಿದಳು.

"ಹೋಗಬಹುದು ಅಂತ ಬರದೀರಿ. ತಿರುಗಿ ಬರತಾಳ ಅಂತ ಯಾವ ಕಡೆ ಬರದೀರಿ, ಅದನ್ನೊಂದೀಟು ಓದಿ ಹೇಳ್ರಿ."